ಒಬ್ಬನ ಸಾಲಕ್ಕೆ ಊರೇ ಹೊಣೆ: ಕಣಗಿನಹಾಳದಿಂದ ಕೃಷ್ಣಾ ಜಿಲ್ಲೆಯವರೆಗೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಸಮಯ ಸಾಲದೆ ಹೇಳದೇ ಉಳಿಸಿದ ಇಸವಿ, ಹೆಸರುಗಳನ್ನ ಇಲ್ಲಿ ಸೇರಿಸಿದ್ದೀನಿ. ಆಫೀಸ್ ಕ್ಯಾಬಲ್ಲಿ ಕೂತು ಓದೋರು ತುಂಬಾ ಜನ ಇದ್ದೀರಿ ಅಂತ ಗೊತ್ತು, ಹಾಗಾಗಿ ಸಣ್ಣ ಸಣ್ಣ ಭಾಗ ಮಾಡಿದ್ದೀನಿ.

ಇವತ್ತಿನ ಪ್ರಶ್ನೆ ಹಳೇದು. ನನ್ನ ಬದುಕಿಗೆ ನಾನೊಬ್ಬನೇ ಹೊಣೆಯೋ, ಪಕ್ಕದ ಮನೆಯವನ ಕಷ್ಟ ನಷ್ಟಕ್ಕೂ ನಾನು ಹೊಣೆಯೋ? ಈ ಮಾತು ಬಂದ ಕೂಡಲೇ ಒಂದು ಸಿದ್ಧ ಉತ್ತರ ಬರುತ್ತೆ: ಪಶ್ಚಿಮದವರು ತಮ್ಮಷ್ಟಕ್ಕೆ ತಾವು ಬದುಕೋರು, ನಾವು ಕೂಡಿ ಬಾಳೋರು. ನನಗೆ ಈ ಉತ್ತರದಲ್ಲಿ ನಂಬಿಕೆ ಇಲ್ಲ. ಜನ ನಿಜವಾಗಿ ಏನು ನಂಬ್ತಾರೆ ಅಂತ ತಿಳೀಬೇಕಾದ್ರೆ ದುಡ್ಡಿನ ವಿಷಯದಲ್ಲಿ ಹೇಗೆ ನಡ್ಕೊಂಡರು ಅಂತ ನೋಡಬೇಕು. ಅದಕ್ಕೇ ಇವತ್ತು ಸಾಲದ ಚರಿತ್ರೆ.

ನಾನು ಕೂತು ಇದನ್ನ ಬರೀತಿರೋದು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ. ಆರ್‌ಟಿಸಿ ಕಾಂಪ್ಲೆಕ್ಸ್ ಕಡೆಯಿಂದ ಒಂದು ಸುತ್ತು ನಡೆದರೆ ಕೋಚಿಂಗ್ ಸೆಂಟರುಗಳ ಬೋರ್ಡು, ಅದರ ಪಕ್ಕದಲ್ಲೇ ಸಾಲ ಕೊಡೋರ ಬೋರ್ಡು. ನಮ್ಮಂಥ ಐಟಿಯವರಿಗೆ ಸಾಲ ಬಹಳ ಸಲೀಸು. ಪ್ಯಾನ್ ನಂಬರ್, ಮೂರು ತಿಂಗಳ ಸಂಬಳದ ಚೀಟಿ, 300ರಿಂದ 900ರ ನಡುವಿನ ಒಂದು ಸಿಬಿಲ್ ಸ್ಕೋರ್, ಇಷ್ಟಿದ್ರೆ ಆಯ್ತು. ಮನೆತನ ಯಾವುದು, ಊರಲ್ಲಿ ನಿಮ್ಮ ಬಗ್ಗೆ ಏನಂತಾರೆ ಅಂತ ಯಾರೂ ಕೇಳಲ್ಲ. ನಿಮ್ಮಣ್ಣ ಕಂತು ತಪ್ಪಿಸಿದರೆ ನಿಮ್ಮ ಸ್ಕೋರ್ ಇಳಿಯಲ್ಲ, ನೀವು ಅವನಿಗೆ ಜಾಮೀನು ಹಾಕಿರದಿದ್ರೆ. ಲೆಕ್ಕದಲ್ಲಿ ಪ್ರತಿಯೊಬ್ಬನೂ ಒಂಟಿ. ಇದು ಆಧುನಿಕ ಕಾಲದ್ದು, ಹಳ್ಳಿಯಲ್ಲಿ ಹೀಗಿರಲಿಲ್ಲ ಅಂತ ನಮಗೆ ಅನ್ಸುತ್ತೆ. ಆದರೆ ರೈತನನ್ನ ಒಂಟಿ ಮಾಡಿದ ಲೆಕ್ಕಕ್ಕೆ ಇನ್ನೂರು ವರ್ಷ ಆಗಿದೆ.

ಒಂಟಿ ರೈತ ಹುಟ್ಟಿದ್ದು

ಬ್ರಿಟಿಷರಿಗೆ ಮುಂಚೆ ಎಷ್ಟೋ ಕಡೆ ಊರಿನ ಕಂದಾಯ ಒಟ್ಟಾಗಿ ಗೊತ್ತಾಗ್ತಿತ್ತು. ಗೌಡ, ಶಾನಭೋಗರ ಮೂಲಕ ಇಡೀ ಊರಿಗೆ ಇಷ್ಟು ಅಂತ. ಅದನ್ನ ಸತ್ಯಯುಗ ಅಂತ ನಾನು ಹೇಳಲ್ಲ. ಒಟ್ಟು ಮೊತ್ತವನ್ನ ಊರೊಳಗೆ ಹಂಚುವಾಗ ಬಲ ಇದ್ದೋರು ಕಡಿಮೆ ಕೊಟ್ಟು, ಬಲ ಇಲ್ಲದೋರ ಮೇಲೆ ಹೇರೋದು ಇದ್ದೇ ಇತ್ತು. ಕೆರೆ ಏರಿ ಕೆಲಸಕ್ಕೆ ಬಿಟ್ಟಿ ಹಿಡಿಯುವಾಗಲೂ ಅಷ್ಟೇ. ಸಾಮೂಹಿಕ ಜವಾಬ್ದಾರಿ ಅನ್ನೋದರ ಭಾರ ಯಾವಾಗಲೂ ಕೆಳಗಿನ ಬೆನ್ನಿಗೇ ಹೆಚ್ಚು ಬೀಳ್ತಿತ್ತು.

1800ರಿಂದ 1807ರವರೆಗೆ ಥಾಮಸ್ ಮನ್ರೋ ಬಳ್ಳಾರಿ, ಅನಂತಪುರ, ಕಡಪ ಸೀಮೆಯ ಕಲೆಕ್ಟರ್ ಆಗಿದ್ದ. ಅವನು ಬೆಳೆಸಿದ್ದು ರಯತವಾರಿ ಪದ್ಧತಿ: ಸರ್ಕಾರ ಮತ್ತು ರೈತನ ನಡುವೆ ಯಾರೂ ಇಲ್ಲ, ಪ್ರತಿ ಹೊಲಕ್ಕೆ ಒಂದು ಹೆಸರು, ಆ ಹೆಸರಿಗೆ ಒಂದು ಕಂದಾಯ. ಮುಂದೆ ಮುಂಬಯಿ ಪ್ರಾಂತ್ಯದಲ್ಲೂ ಇದೇ ದಾರಿ ಹಿಡಿದು, 1840ರ ದಶಕದಲ್ಲಿ ವಿಂಗೇಟ್ ಮೊದಲಾದವರ ಸರ್ವೆ ಧಾರವಾಡ ಸೀಮೆಗೂ ಬಂತು. ನಾನಿರೋ ವಿಶಾಖಪಟ್ಟಣದ ಸೀಮೆ ಮಾತ್ರ ಬಹುಪಾಲು ವಿಜಯನಗರಂ ಥರದ ಜಮೀನ್ದಾರರ ಕೈಯಲ್ಲಿತ್ತು.

ರಯತವಾರಿಯಿಂದ ರೈತನಿಗೆ ಒಂದು ಘನತೆ ಸಿಕ್ತು, ಅದನ್ನ ಅಲ್ಲಗಳೆಯಬಾರದು. ಕಾಗದದ ಮೇಲೆ ಅವನ ಹೆಸರು ಬಂತು. ಆದರೆ ಹೆಸರು ಬಂದ ಮೇಲೆ ಆ ಹೊಲವನ್ನ ಅಡ ಇಡಬಹುದು, ಕೋರ್ಟ್ ಡಿಕ್ರಿ ತಂದು ಕಿತ್ಕೊಳ್ಳಲೂಬಹುದು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿತು. ಗದಗ, ಹುಬ್ಬಳ್ಳಿ ಕಡೆ ಹತ್ತಿ ಬೆಳೆಯೋರಿಗೆ ಕೈತುಂಬ ಸಾಲವೂ ಸಿಕ್ತು. ಯುದ್ಧ ಮುಗೀತು, ಬೆಲೆ ಬಿತ್ತು, ಸಾಲ ಉಳೀತು. 1875ರಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ಶುರುವಾದ ಗಲಭೆಯಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಹುಡುಕಿದ್ದು ಸಾಲಪತ್ರಗಳನ್ನ. ಸಿಕ್ಕಿದ್ದಕ್ಕೆ ಬೆಂಕಿ ಹಾಕಿದರು. ಮರುವರ್ಷದಿಂದ 1878ರವರೆಗೆ ಭೀಕರ ಬರ. ಬಳ್ಳಾರಿ, ಧಾರವಾಡ ಜಿಲ್ಲೆಗಳು ನಲುಗಿಹೋದವು.

ಸರ್ಕಾರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಮಾಡಿತು. ಸಾಲಪತ್ರದಲ್ಲಿ ಏನು ಬರೆದಿದ್ರೂ ಅದರ ಹಿಂದಿನ ನಿಜವಾದ ಲೆಕ್ಕವನ್ನ ಕೋರ್ಟು ಕೆದಕಬಹುದು ಅಂತಾಯ್ತು. ಒಳ್ಳೇದೇ. ಆದರೆ ಮುಂದಿನ ಮುಂಗಾರಿಗೆ ಬೀಜ ಕೊಳ್ಳೋಕೆ ದುಡ್ಡು ಎಲ್ಲಿಂದ? ಆ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರ ಇರಲಿಲ್ಲ. ಒಂಟಿ ರೈತನಿಗೆ ಸಾಹುಕಾರ ಬಿಟ್ಟರೆ ಸಾಲ ಕೊಡೋರು ಇರಲಿಲ್ಲ.

ಜರ್ಮನಿಯ ಮೇಯರ್, ಮದರಾಸಿನ ಅಧಿಕಾರಿ

ಇದೇ ಸಮಸ್ಯೆ ಜರ್ಮನಿಯಲ್ಲೂ ಇತ್ತು. ಅಲ್ಲಿ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಅನ್ನೋ ಹಳ್ಳಿಗಾಡಿನ ಮೇಯರ್ 1846-47ರ ಹಸಿವಿನ ಚಳಿಗಾಲದಲ್ಲಿ ಶ್ರೀಮಂತರಿಂದ ಹಣ ಸೇರಿಸಿ ಬಡವರಿಗೆ ರೊಟ್ಟಿ ಒದಗಿಸಿದ. ಆಮೇಲೆ ಅವನಿಗೇ ಗೊತ್ತಾಯ್ತು, ದಾನದ ಮೇಲೆ ನಿಂತ ಸಂಘ ಬಹಳ ದಿನ ನಡೆಯಲ್ಲ. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಬೇಕಾದವರೇ ಸದಸ್ಯರಾಗುವ ಸಂಘ ಕಟ್ಟಿದ. ಸದಸ್ಯರ ಹತ್ತಿರ ಬಂಡವಾಳ ಇಲ್ಲ. ಇರೋದು ತುಂಡು ಭೂಮಿ, ಒಬ್ಬರನ್ನೊಬ್ಬರು ಬಲ್ಲ ಪರಿಚಯ. ಆ ಎರಡನ್ನೂ ಸೇರಿಸಿ ಅಡ ಇಟ್ಟರು. ಸಂಘ ಹೊರಗಿನಿಂದ ತಂದ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಆಸ್ತಿಯಷ್ಟೂ ಹೊಣೆ. ಇದರ ಹೆಸರು ಅಪರಿಮಿತ ಹೊಣೆಗಾರಿಕೆ.

ಇದು ಎಷ್ಟು ಭಾರದ ಮಾತು ಅಂತ ಒಂದು ಲೆಕ್ಕ ಹಾಕಿ. 40 ಜನ ಸೇರಿ ಸಂಘ ಮಾಡಿ 2,000 ರೂಪಾಯಿ ಸಾಲ ತಂದರು ಅಂತಿಟ್ಕೊಳ್ಳಿ. ತಲೆಗೆ 50 ರೂಪಾಯಿ ಹೊಣೆ ಅಂತ ನಮ್ಮ ಲೆಕ್ಕ ಹೇಳುತ್ತೆ. ಇಲ್ಲಿ ಹಾಗಲ್ಲ. 39 ಜನರ ಕೈಲಿ ಆಗದೇ ಹೋದರೆ, ಉಳಿದ ಒಬ್ಬನ ಹೊಲದಿಂದ ಇಡೀ 2,000 ವಸೂಲಾಗಬಹುದು. ಇವತ್ತು ನಿಮ್ಮ ಟೀಮಿನ 40 ಜನರ ಹೋಮ್ ಲೋನಿಗೆ ಹೀಗೆ ಸಹಿ ಹಾಕ್ತೀರಾ ಅಂತ ಕೇಳಿದ್ರೆ ಯಾರು ಒಪ್ತಾರೆ?

ಈ ವಿಚಾರ ದಕ್ಷಿಣ ಭಾರತಕ್ಕೆ ಬಂದಿದ್ದು ಮದರಾಸಿನಿಂದ. ಮದರಾಸು ಸರ್ಕಾರ ಫ್ರೆಡರಿಕ್ ನಿಕಲ್ಸನ್ ಅನ್ನೋ ಅಧಿಕಾರಿಯನ್ನ ಯುರೋಪಿನ ಇಂಥ ಸಂಘಗಳನ್ನ ನೋಡಿಕೊಂಡು ಬರೋಕೆ ಕಳಿಸಿತ್ತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಅವನ ವರದಿ ಬಂತು. ಆಗ ವಿಶಾಖಪಟ್ಟಣ, ಬೆಜವಾಡ ಎರಡೂ ಮದರಾಸು ಪ್ರಾಂತ್ಯದವು. ನಮ್ಮ ಮಂಗಳೂರು, ಪುತ್ತೂರು, ಬಳ್ಳಾರಿಯೂ ಅದರದ್ದೇ. ವರದಿಯ ಸಾರ ಇಷ್ಟು: ಈ ದೇಶದ ಹಳ್ಳಿಗೂ ಒಬ್ಬ ರೈಫೈಸನ್ ಬೇಕು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 18 ದಾಟಿದ 10 ಜನ ಸೇರಿದ್ರೆ ಸಂಘ. ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ರೈತರಾಗಿರಬೇಕು, ಹೊಣೆ ಅಪರಿಮಿತ. ಪೇಟೆಯವರಿಗೆ ಮಾತ್ರ ಯಾವ ಬಗೆಯ ಹೊಣೆ ಅಂತ ಆರಿಸ್ಕೊಳ್ಳೋ ಅವಕಾಶ.

ಕಣಗಿನಹಾಳ, 1905

ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಈ ಕಾಯ್ದೆಯಡಿ ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೇದು ಅಂತ ನಮ್ಮ ಕಡೆ ಹೆಮ್ಮೆಯಿಂದ ಹೇಳ್ತೀವಿ. ತಮಿಳುನಾಡಿನವರು ಚೆನ್ನೈ ಪಕ್ಕದ ತಿರೂರಿನ ಸಂಘ ಮೊದಲು ಅಂತಾರೆ. ಆ ಜಗಳ ಅವರವರಿಗೆ ಬಿಡೋಣ. ನನಗೆ ಮುಖ್ಯ ಅನ್ಸೋದು, ಆ ಊರಿನ ರೈತರು ಯಾವುದಕ್ಕೆ ಹೆಬ್ಬೆಟ್ಟು ಒತ್ತಿದರು ಅನ್ನೋದು. ಬರ ನೋಡಿದ ತಲೆಮಾರು, ಹೊಲ ಹರಾಜಾಗೋದನ್ನ ಕಂಡ ತಲೆಮಾರು, ಪಕ್ಕದವನ ಸಾಲಕ್ಕೆ ತನ್ನ ಹೊಲವನ್ನ ಹೊಣೆ ಇಟ್ಟಿತು.

ಅವರು ಹೇಗೆ ಒಪ್ಪಿದರು? ಒಳ್ಳೇತನ ಅಂತ ಹೇಳಿ ಮುಗಿಸಿದ್ರೆ ಚರಿತ್ರೆ ಅರ್ಥ ಆಗಲ್ಲ. ಈ ವ್ಯವಸ್ಥೆಯಲ್ಲಿ ಮೂರು ವಿಷಯ ಜೊತೆಗಿದ್ವು.

ಮೊದಲನೇದು, ಒಳಗೆ ಯಾರನ್ನ ಸೇರಿಸಬೇಕು ಅಂತ ಹೇಳೋ ಹಕ್ಕು ಸದಸ್ಯರದ್ದೇ. ಯಾವನ ಎತ್ತು ಗಟ್ಟಿ, ಯಾವನು ಸಂತೆ ದಿನ ಹೆಂಡದಂಗಡಿ ಹತ್ತಿರ ಕಾಣ್ತಾನೆ, ಯಾರ ಮನೆಯಲ್ಲಿ ಮದುವೆ ಖರ್ಚು ಕಾದಿದೆ, ಇದೆಲ್ಲ ಊರಿಗೆ ಗೊತ್ತು. ಧಾರವಾಡದ ಯಾವ ಬ್ಯಾಂಕಿಗೂ ಗೊತ್ತಾಗಲ್ಲ. ಇವತ್ತು ಸಿಬಿಲ್ ಮಾಡೋ ಕೆಲಸವನ್ನ ಅವತ್ತು ಕಟ್ಟೆಯ ಮೇಲೆ ಕೂತ ಜನ ಮಾಡ್ತಿದ್ರು.

ಎರಡನೇದು, ಅಪರಿಮಿತ ಹೊಣೆಯ ಸಂಘದಲ್ಲಿ ಎಷ್ಟು ಹೊಲ ಇದ್ರೂ ಒಬ್ಬನಿಗೆ ಒಂದೇ ಓಟು. ಸಾಲ ಯಾವುದಕ್ಕೆ, ಎಷ್ಟು ಅಂತ ತೀರ್ಮಾನ ಮಾಡೋರೂ ಅದು ಮುಳುಗಿದ್ರೆ ತೆರೋರೂ ಒಬ್ಬರೇ. ಆದ್ದರಿಂದ ಪಕ್ಕದವನ ಖರ್ಚಿನ ಮೇಲೆ ಕಣ್ಣಿಡೋದು ಚಾಡಿ ಆಗ್ತಿರಲಿಲ್ಲ, ಕರ್ತವ್ಯ ಆಗ್ತಿತ್ತು.

ಮೂರನೇದು, ಲಾಭ ಹೊರಗೆ ಹೋಗ್ತಿರಲಿಲ್ಲ. ಹಳ್ಳಿಯ ಸಂಘದ ಲಾಭ ಮೀಸಲು ನಿಧಿಗೆ ಸೇರ್ತಿತ್ತು, ಬರಗಾಲಕ್ಕೆ ಆಸರೆ. ಆಮೇಲೆ ಬಿಟ್ಟು ಹೋಗ್ತೀನಿ ಅನ್ನೋರಿಗೂ ಬಾಗಿಲಿತ್ತು. 1912ರ ಹೊಸ ಕಾಯ್ದೆಯ ಪ್ರಕಾರ, ಬಿಟ್ಟು ಹೋದವನ ಹೊಣೆ ಇನ್ನೂ 2 ವರ್ಷ ಮಾತ್ರ ಉಳೀತಿತ್ತು.

ಇಲ್ಲೇ ನನ್ನ ಮುಖ್ಯ ಮಾತು ಇದೆ. ವ್ಯಕ್ತಿ ಒಂದು ಕಡೆ, ಸಮೂಹ ಇನ್ನೊಂದು ಕಡೆ ಅಂತ ನಾವು ಹಗ್ಗಜಗ್ಗಾಟ ಆಡಿಸ್ತೀವಿ. ಕಣಗಿನಹಾಳದಲ್ಲಿ ಸಮೂಹದ ಹೊಣೆ ನಿಂತಿದ್ದು ಹೆಸರಿದ್ದ, ಓಟಿದ್ದ, ಒಲ್ಲೆ ಅನ್ನೋ ಹಕ್ಕಿದ್ದ ವ್ಯಕ್ತಿಗಳ ಮೇಲೆ. ನಮ್ಮ ಭಾಷೆಯಲ್ಲಿ ಜಾಮೀನಿಗೂ ಜವಾಬ್ದಾರಿಗೂ ಹೊಣೆ ಅಂತ ಒಂದೇ ಪದ ಇದೆ. ಅದರ ಜೊತೆ ಬಳಸೋ ಕ್ರಿಯಾಪದ ಗಮನಿಸಿ: ಹೊಣೆ *ನಿಲ್ಲೋದು*. ತಾನಾಗಿ ಎದ್ದು ನಿಂತವನಷ್ಟೇ ಹೊಣೆಗಾರ.

ಇದರ ಕೊರತೆಯನ್ನೂ ಹೇಳಬೇಕು. ಹೊಲವೇ ಇಲ್ಲದವನನ್ನ ಇಂಥ ಸಂಘಕ್ಕೆ ಯಾರು ಸೇರಿಸ್ಕೊಳ್ತಾರೆ? ಅವನ ಪಾಲನ್ನ ಉಳಿದವರು ತೆರಬೇಕಾಗುತ್ತೆ. ಒಂದೇ ಜಾತಿಯ ಹತ್ತು ಜನ ಸೇರಿದ್ರೂ ಸಂಘ ಆಗಬಹುದು ಅಂತ ಕಾಯ್ದೆಯೇ ಹೇಳಿತ್ತು. ಪರಿಚಯದ ಮೇಲೆ ನಿಂತ ನಂಬಿಕೆ ಪರಿಚಯ ಇಲ್ಲದವರನ್ನ ಹೊರಗಿಡುತ್ತೆ. ಇದು ಹಳೇ ಕತೆ ಅಲ್ಲ. ನಮ್ಮ ಬೀದಿಯಲ್ಲಿ 20 ಜನರ ಒಂದು ಚೀಟಿ ನಡೆಯುತ್ತೆ. ಟೀಚರ್ ಇದ್ದಾರೆ, ಐಟಿಯವರು ಇದ್ದೀವಿ. ನಮ್ಮ ಮೂರು ಅಪಾರ್ಟ್‌ಮೆಂಟ್‌ಗಳ ವಾಚ್‌ಮನ್‌ಗಳಲ್ಲಿ ಒಬ್ಬರೂ ಅದರಲ್ಲಿಲ್ಲ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ, ಕರೆದೂ ಇಲ್ಲ.

ಹೊಣೆ ಸರ್ಕಾರದ ಹೆಗಲಿಗೆ

ಸಂಘಗಳು ಹಬ್ಬಿದವು. ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಶುರುಮಾಡಿ ಇಡೀ ಜಿಲ್ಲೆಗೆ ಸಹಕಾರ ಹಬ್ಬಿಸಿದರು. ಆದರೆ ಒಟ್ಟು ದೇಶದ ಲೆಕ್ಕದಲ್ಲಿ ಇದು ಸಾಸಿವೆಯಷ್ಟು. ರಿಸರ್ವ್ ಬ್ಯಾಂಕಿನ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ 1951-52ರಲ್ಲಿ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ 3.1. ಅರ್ಧ ಶತಮಾನದ ಕೆಲಸಕ್ಕೆ ಸಿಕ್ಕ ಅಂಕ ಅದು.

ಸಮೀಕ್ಷೆ ನಡೆಸಿದ ಗೋರ್‌ವಾಲಾ ಸಮಿತಿ 1954ರಲ್ಲಿ ಹೇಳಿದ್ದು: ಸಂಘಗಳು ದೊಡ್ಡವಾಗಲಿ, ಹೊಣೆಗೆ ಮಿತಿ ಇರಲಿ, ಸರ್ಕಾರವೇ ಷೇರುದಾರ ಆಗಲಿ. ಬಡವನಿಗೂ ಸಾಲ ಮುಟ್ಟಬೇಕು ಅನ್ನೋ ಉದ್ದೇಶ ಒಳ್ಳೇದೇ, ಸಾಲ ಮುಟ್ಟಿದ್ದೂ ಹೌದು. ಇವತ್ತು ನಿಮ್ಮಪ್ಪನಿಗೆ ಊರಿನ ವಿಎಸ್‌ಎಸ್‌ಎನ್‌ನಲ್ಲಿ ಶೂನ್ಯ ಬಡ್ಡಿ ಬೆಳೆಸಾಲ ಸಿಗ್ತಿದ್ರೆ ಅದರ ಬೇರು ಅಲ್ಲಿದೆ. ಆದರೆ ದುಡ್ಡು ಮೇಲಿನಿಂದ ಬಂದ ಮೇಲೆ ಪಕ್ಕದವನು ಕಟ್ಟಿದ್ರೆಷ್ಟು ಬಿಟ್ಟರೆಷ್ಟು ಅನ್ನೋ ಭಾವನೆಯೂ ಬಂತು. ಕಟ್ಟದಿದ್ದವನು ಜಾಣ ಆದ, ಕಟ್ಟಿದವನು ಮುಂದಿನ ಚುನಾವಣೆಯ ಮನ್ನಾ ನೋಡಿ ತಲೆ ಚಚ್ಕೊಂಡ. ತೀರ್ಮಾನದ ಕುರ್ಚಿ ಊರಲ್ಲೇ ಉಳೀತು, ನಷ್ಟ ಊರಾಚೆಗೆ ಹೋಯ್ತು. ಆ ಕುರ್ಚಿಗೆ ಪೈಪೋಟಿ ಶುರುವಾಗಿದ್ದರಲ್ಲಿ ಆಶ್ಚರ್ಯ ಏನಿದೆ?

ಈ ಗಂಟನ್ನ ಬಿಡಿಸೋ ಪ್ರಯತ್ನವೂ ನಮ್ಮ ಎರಡು ರಾಜ್ಯಗಳಲ್ಲೇ ನಡೀತು. ಸರ್ಕಾರದ ಷೇರು, ಹಿಡಿತ ಬೇಡ ಅನ್ನೋ ಸಂಘಗಳಿಗಾಗಿ ಆಂಧ್ರಪ್ರದೇಶ 1995ರಲ್ಲಿ ಪರಸ್ಪರ ಸಹಾಯ ಸಹಕಾರ ಸಂಘಗಳ ಕಾಯ್ದೆ ಮಾಡಿತು. ಕರ್ನಾಟಕ 1997ರಲ್ಲಿ ಸೌಹಾರ್ದ ಕಾಯ್ದೆ ಮಾಡಿತು. ಅದಕ್ಕೂ ಮುಂಚೆ, 1980ರ ದಶಕದ ನಡುವೆ, ಬೆಂಗಳೂರಿನ ಮೈರಾಡ ಸಂಸ್ಥೆ ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಒಬ್ಬರನ್ನೊಬ್ಬರು ನಂಬಿದ ಸಣ್ಣ ಸಣ್ಣ ಗುಂಪುಗಳು ತಾವಾಗಿ ಎದ್ದವು. ಸ್ವಸಹಾಯ ಗುಂಪು ಅಂತ ನಾವು ಕರೆಯೋದರ ಬೇರು ಅಲ್ಲಿದೆ. ಮೊದಲು ತಾವೇ ಉಳಿಸಬೇಕು, ಆ ದುಡ್ಡನ್ನ ತಮ್ಮೊಳಗೇ ಸಾಲ ಕೊಟ್ಕೋಬೇಕು, ಆಮೇಲೆ ಬ್ಯಾಂಕು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನ ಬ್ಯಾಂಕುಗಳಿಗೆ ಜೋಡಿಸೋಕೆ ಶುರುಮಾಡಿತು. ಇದು ಅತಿ ದೊಡ್ಡದಾಗಿ ಬೆಳೆದ ಕಡೆಗಳಲ್ಲಿ ನಾನಿರೋ ಆಂಧ್ರ ಒಂದು.

ಕೃಷ್ಣಾ ಜಿಲ್ಲೆ, 2006

ಗುಂಪಿನ ಹೊಣೆಯಿಂದ ವಸೂಲಿ ಚೆನ್ನಾಗಿ ಆಗುತ್ತೆ ಅಂತ ಗೊತ್ತಾದ ಮೇಲೆ ಅದು ಬೇರೆಯವರ ಕಣ್ಣಿಗೂ ಬಿತ್ತು. ಮೈಕ್ರೋಫೈನಾನ್ಸ್ ಕಂಪನಿಗಳು ಬಾಂಗ್ಲಾದೇಶದ ಗ್ರಾಮೀಣ್ ಬ್ಯಾಂಕಿನ ಮಾದರಿ ತಂದವು. ಸಾಮಾನ್ಯವಾಗಿ ಐದು ಹೆಂಗಸರ ಗುಂಪು, ವಾರ ವಾರ ಕಂತು, ಒಬ್ಬಳು ತಪ್ಪಿದ್ರೆ ಉಳಿದವರು ಕಟ್ಟಬೇಕು. ಹೊರಗಿನಿಂದ ನೋಡಿದ್ರೆ ಕಣಗಿನಹಾಳವೇ.

ಒಳಗೆ ನೋಡಿ. ಸಾಲ ಎಷ್ಟು ಕೊಡಬೇಕು ಅಂತ ತೀರ್ಮಾನಿಸೋದು ಕಂಪನಿ. ಅದೇ ಹೆಂಗಸಿಗೆ ಇನ್ನೆರಡು ಕಂಪನಿ ಈಗಾಗಲೇ ಸಾಲ ಕೊಟ್ಟಿದ್ರೆ ಬೇಡ ಅನ್ನೋ ಅಧಿಕಾರ ಗುಂಪಿಗಿಲ್ಲ. ಲಾಭ ಷೇರುದಾರರಿಗೆ. ಗುಂಪಿನ ಪಾಲಿಗೆ ಉಳಿದಿದ್ದು ಹೊಣೆ ಒಂದೇ. ಕಣಗಿನಹಾಳದ ಮೂರು ವಿಷಯಗಳಲ್ಲಿ ಮೂರನ್ನೂ ತೆಗೆದು, ಭಾರವನ್ನ ಮಾತ್ರ ಬಿಟ್ಟಿದ್ರು.

2006ರ ಮಾರ್ಚ್‌ನಲ್ಲಿ, ವಿಜಯವಾಡ ಆಗ ಸೇರಿದ್ದ ಕೃಷ್ಣಾ ಜಿಲ್ಲೆಯಲ್ಲಿ ಇದು ಸಿಡೀತು. ಬಡ್ಡಿ, ವಸೂಲಿಯ ಒತ್ತಡದ ದೂರುಗಳು ಹೆಚ್ಚಾಗಿ, ಜಿಲ್ಲಾಡಳಿತ ಮೈಕ್ರೋಫೈನಾನ್ಸಿನ ಸುಮಾರು 50 ಶಾಖೆಗಳಿಗೆ ಬೀಗ ಹಾಕಿಸಿತು. ವಿಷಯ ಅಲ್ಲಿಗೆ ತಣ್ಣಗಾದಂತೆ ಕಂಡಿತು. ನಾಲ್ಕು ವರ್ಷ ಆದ ಮೇಲೆ, 2010ರ ಆಗಸ್ಟ್‌ನಲ್ಲಿ, ಹೈದರಾಬಾದಿನ ಎಸ್‌ಕೆಎಸ್ ಕಂಪನಿ ಷೇರುಪೇಟೆಗೆ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಳ್ಳಿಗಳಿಂದ ಸಾಲಗಾರ ಹೆಂಗಸರ ಆತ್ಮಹತ್ಯೆಯ ಸುದ್ದಿಗಳು ಬರತೊಡಗಿದ್ವು. ಅಕ್ಟೋಬರ್ 15ರಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು: ಕಂಪನಿಗಳು ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು, ವಾರದ ಕಂತು ಬೇಡ, ವಸೂಲಿಗೆ ಮನೆ ಬಾಗಿಲಿಗೆ ಹೋಗಬಾರದು. ರಾಜ್ಯದಲ್ಲಿ ವಸೂಲಿ ಕುಸಿದುಬಿತ್ತು. ಮರುವರ್ಷ ರಿಸರ್ವ್ ಬ್ಯಾಂಕಿನ ಮಾಲೇಗಾಂ ಸಮಿತಿ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದು ಅಂತ ಹೇಳಿತು. ಗ್ರಾಮೀಣ್ ಬ್ಯಾಂಕ್ ಅಷ್ಟರಲ್ಲಾಗಲೇ, 2002ರ ಹೊತ್ತಿಗೆ, ಗುಂಪಿನ ಜಂಟಿ ಹೊಣೆಯನ್ನ ಕೈಬಿಟ್ಟಿತ್ತು.

ಇಲ್ಲಿ ಪೊಲೀಸ್, ಕೋರ್ಟು ಮಾಡಬೇಕಾದ ಕೆಲಸವನ್ನ ನೆರೆಮನೆಯವಳ ಕೈಲಿ ಮಾಡಿಸಿದ್ರು. ದಿನಾ ನೀರಿಗೆ ಜೊತೆಗೆ ಹೋಗೋ ಗೆಳತಿಯೇ ಬಾಗಿಲಲ್ಲಿ ನಿಂತು, ನಿನ್ನಿಂದ ನನ್ನ ಮಕ್ಕಳ ಅನ್ನ ಹೋಗ್ತಿದೆ ಅಂತ ಕೂಗುವ ಸ್ಥಿತಿ ಬಂದ್ರೆ, ಆಮೇಲೆ ಆ ಹೆಂಗಸು ಹೋಗೋದಾದ್ರೂ ಎಲ್ಲಿಗೆ? ಸಾಹುಕಾರನ ಮನೆಗೆ ಬೆಂಕಿ ಹಾಕಬಹುದಿತ್ತು. ಗೆಳತಿಯ ಮನೆಗೆ?

ಕರ್ನಾಟಕದವರು ಇದನ್ನ ಆಂಧ್ರದ ಕತೆ ಅಂತ ದೂರ ಇಡೋ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯವೂ ಕಿರುಸಾಲದ ಬಲವಂತದ ವಸೂಲಿ ತಡೆಯೋಕೆ ಸುಗ್ರೀವಾಜ್ಞೆ ತರಬೇಕಾಯ್ತು.

ನಮ್ಮ ಪಾಲಿಗೆ ಉಳಿಯೋದು

ಒಂದೂಕಾಲು ಶತಮಾನದಲ್ಲಿ ನಾವು ಎರಡು ಥರ ಎಡವಿದ್ದೀವಿ. ತೀರ್ಮಾನ ನಮ್ಮದು, ನಷ್ಟ ಇನ್ಯಾರದ್ದೋ ಅಂತಾದಾಗ ಸಂಘ ಲೂಟಿಯಾಯ್ತು. ನಷ್ಟ ನಮ್ಮದು, ತೀರ್ಮಾನ ಇನ್ಯಾರದ್ದೋ ಅಂತಾದಾಗ ಗುಂಪು ಉರುಳಾಯ್ತು. ಎರಡೂ ಒಂದೇ ಕೈಯಲ್ಲಿದ್ದಾಗ ಸಾಲ ನಡೀತು, ನೆರೆಹೊರೆಯೂ ಉಳೀತು.

ಹಾಗಾಗಿ ಯಾರಾದ್ರೂ ನಿಮ್ಮನ್ನ ಜಾಮೀನು ಕೇಳಿದಾಗ, ಸ್ನೇಹಿತನ ಲೋನಿರಲಿ, ಸಂಬಂಧಿಕರ ಬಿಸಿನೆಸ್ ಇರಲಿ, ಅಪಾರ್ಟ್‌ಮೆಂಟಿನ ಕಾರ್ಪಸ್ ಫಂಡ್ ಇರಲಿ, ಮುಖ ನೋಡಿ ಸಹಿ ಹಾಕಬೇಡಿ, ಮುಖ ತಿರುಗಿಸಲೂ ಬೇಡಿ. ಲೆಕ್ಕ ನನಗೆ ಕಾಣುತ್ತಾ, ಬೇಡ ಅಂದ್ರೆ ನನ್ನ ಮಾತು ನಡೆಯುತ್ತಾ, ಹೊರಬರೋಕೆ ದಾರಿ ಇದೆಯಾ ಅಂತ ಕೇಳಿ. ಮೂರಕ್ಕೂ ಹೌದು ಅಂದ್ರೆ, ಮುಳುಗಿದ್ರೂ ತೆರುವಷ್ಟು ಶಕ್ತಿ ಇದ್ರೆ, ನಿಲ್ಲಿ. ನಮ್ಮ ಹಿರಿಯರು ಇದಕ್ಕಿಂತ ದೊಡ್ಡದಕ್ಕೆ ನಿಂತಿದ್ರು.

ಇನ್ನೊಂದು ವಿಷಯ, ವಿಶಾಖದಲ್ಲೋ ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇರೋ ನಿಮಗೆ. ನಿಮ್ಮ ಊರಿನ ಸೊಸೈಟಿಯಲ್ಲಿ ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಒಂದು ಷೇರು ಬಹುಶಃ ಇನ್ನೂ ಇದೆ. ಮುಖಬೆಲೆ ನೋಡಿದ್ರೆ ನಮ್ಮ ಒಂದು ಸಲದ ಸ್ವಿಗ್ಗಿ ಆರ್ಡರಿನಷ್ಟು. ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತೆ, ನೋಟಿಸಿನ ಜೊತೆ ಜಮಾಖರ್ಚಿನ ಪುಸ್ತಕ ಮನೆಗೆ ಬರುತ್ತೆ. ಹೆಚ್ಚಿನ ಮನೆಗಳಲ್ಲಿ ಅದು ಟಿವಿ ಮೇಲೆ ಬಿದ್ದಿರುತ್ತೆ. ಈ ಸಲ ಅಪ್ಪನಿಗೆ ಹೇಳಿ ಅದರ ಫೋಟೋ ತರಿಸ್ಕೊಳ್ಳಿ. ಬಾಕಿ ಎಷ್ಟಿದೆ, ಮೀಸಲು ನಿಧಿ ಎಷ್ಟಿದೆ ನೋಡಿ, ಎಕ್ಸೆಲ್ ಓದೋ ಕಣ್ಣು ನಿಮಗಿದೆ. ಅರ್ಥ ಆಗದ ಸಾಲಿನ ಬಗ್ಗೆ ಸಭೆಯಲ್ಲಿ ಎದ್ದು ಕೇಳೋಕೆ ಅಪ್ಪನಿಗೆ ಒಂದು ಪ್ರಶ್ನೆ ಬರೆದುಕೊಡಿ.

ಮುಂದಿನ ವಾರ ಮೊಳಹಳ್ಳಿ ಶಿವರಾಯರ ಬಗ್ಗೆ ಪೂರ್ತಿ ಒಂದು ಸಂಚಿಕೆ ಮಾಡ್ತೀನಿ. ಪುತ್ತೂರು ಕಡೆಯವರು ಇದ್ರೆ, ನಿಮ್ಮ ಮನೆಯಲ್ಲಿ ಹಳೇ ಸೊಸೈಟಿ ಪಾಸ್‌ಬುಕ್ ಇದ್ರೆ ತಿಳಿಸಿ.